ಇನ್ನೊಂದು ಹೋಳಿಗೆ, ಇನ್ನೊಂದು ನೈಂಟಿ

ಶುಕ್ರವಾರ ಸಂಜೆ ಆಯ್ತು ಅಂದ್ರೆ ಮೊಬೈಲಿಗೆ ಒಂದು ಪಟ್ಟಿ ಬಂದೇ ಬರುತ್ತೆ. ಬಾರಿಗೆ ಹೋದಾಗ ಹೇಗೆ ನಡೆದುಕೊಳ್ಳಬೇಕು ಅನ್ನೋ ಪಟ್ಟಿ. ಟೇಬಲ್ ಮೊದಲೇ ಬುಕ್ ಮಾಡಿ, ಬಾರ್‌ಟೆಂಡರನ್ನು ಚಿಟಿಕೆ ಹೊಡೆದು ಕರೀಬೇಡಿ, ಬಿಲ್ಲು ಆ್ಯಪ್‌ನಲ್ಲಿ ಹಂಚಿಕೊಳ್ಳಿ, ವಾಪಸ್ ಬರೋಕೆ ಕ್ಯಾಬ್ ಹಾಕಿ. ಇದರಲ್ಲಿ ತಪ್ಪೇನಿಲ್ಲ, ಇಂದಿರಾನಗರದಲ್ಲಿ ಕೂತವರಿಗೆ ಇಷ್ಟು ಸಾಕು. ಆದರೆ ಇದನ್ನೇ ಓದಿದ ಹುಡುಗ ದೀಪಾವಳಿಗೆ ರಾತ್ರಿ ಬಸ್ಸು ಹತ್ತಿ ಕೊಟ್ಟೂರಲ್ಲೋ ಹಗರಿಬೊಮ್ಮನಹಳ್ಳಿಯಲ್ಲೋ ಇಳಿದು, ಸಂಜೆಗೆ ಹೈಸ್ಕೂಲ್ ದೋಸ್ತರ ಜೊತೆ 'ಬಾರ್ ಅಂಡ್ ರೆಸ್ಟೋರೆಂಟ್' ಬೋರ್ಡಿನ ಒಳಗೆ ಕೂತನೆನ್ನಿ, ಆ ಪಟ್ಟಿಯ ಒಂದು ಸಾಲೂ ಕೆಲಸಕ್ಕೆ ಬರಲ್ಲ.

ಮೊದಲನೇದಾಗಿ, ಅಲ್ಲಿ ಬಾರ್‌ಟೆಂಡರ್ ಇಲ್ಲ. ಸಪ್ಲೈಯರ್ ಇದ್ದಾನೆ. ಬಹುಶಃ ನಿಮ್ಮ ಜೂನಿಯರ್ ಒಬ್ಬನ ತಮ್ಮ. ಅವನನ್ನು 'ಏಯ್' ಅಂತ ಕರೆದ್ರೆ ನಾಳೆ ಬಸ್ ಸ್ಟ್ಯಾಂಡಿನಲ್ಲಿ ಅವರಣ್ಣನ ಮುಖ ನೋಡಬೇಕಾಗುತ್ತೆ. ಎರಡನೇದು, ಅಲ್ಲಿನ ನಿಜವಾದ ಶಿಷ್ಟಾಚಾರ ಬೇರೆಯೇ ಇದೆ, ಅದನ್ನು ಯಾರೂ ಬರೆದಿಲ್ಲ. ಉದಾಹರಣೆಗೆ ನೋಡಿಯೂ ನೋಡದ ಹಾಗಿರೋದು. ಪಕ್ಕದ ಟೇಬಲ್ಲಿಗೆ ನಿಮ್ಮ ಕಾಕಾ ಬಂದು ಕೂತರು ಅಂದುಕೊಳ್ಳಿ. ನೀವು ಕುರ್ಚಿಯನ್ನು ಸ್ವಲ್ಪ ಗೋಡೆ ಕಡೆ ತಿರುಗಿಸ್ತೀರಿ. ಕಾಕಾ ಟಿವಿ ಕಡೆ ನೋಡ್ತಾರೆ. ಮಾರನೇ ದಿನ ಮನೆಯಲ್ಲಿ ಇಬ್ಬರೂ ಎದುರಾಬದುರಾ ಕೂತು ರೊಟ್ಟಿ ತಿಂತೀರಿ, ಯಾರೂ ಬಾಯಿ ಬಿಡಲ್ಲ. ಇಷ್ಟು ನಾಜೂಕಾದ ಮರ್ಯಾದೆಯನ್ನು ನಾನು ಬೆಂಗಳೂರಿನ ಯಾವ ಪಬ್ಬಿನಲ್ಲೂ ಕಂಡಿಲ್ಲ. ಅಲ್ಲಿ ಮ್ಯಾನೇಜರ್ ಎದುರಾದರೆ ಸೆಲ್ಫಿ ತೆಗೀತಾರೆ.

ಇನ್ನು ನಮ್ಮ ಸಿನಿಮಾ ಹಾಡುಗಳು. ಒಂದು ತಲೆಮಾರು ಬಾರಲ್ಲಿ ಹೇಗಿರಬೇಕು ಅನ್ನೋದನ್ನು ಇವುಗಳಿಂದಲೇ ಕಲಿತಿದೆ. ಹುಡುಗಿ ಕೈಕೊಟ್ಟಳು, ಹೀರೋ ಕುಡಿದ, ಸಪ್ಲೈಯರು, ಆಟೋದವರು, ಪಕ್ಕದ ಟೇಬಲ್ಲಿನವರು ಎಲ್ಲಾ ಎದ್ದು ಕುಣಿದರು. ಒಂದು ಹಾಡಲ್ಲೂ ಬಿಲ್ಲು ಬರಲ್ಲ. ಒಂದು ಹಾಡಲ್ಲೂ ಹೀರೋ ಮನೆಗೆ ಹೇಗೆ ಹೋದ ಅಂತ ತೋರಿಸಲ್ಲ, ಕಟ್ ಮಾಡಿದರೆ ಬೆಳಗಾಗಿರುತ್ತೆ. ಜಿ.ಪಿ. ರಾಜರತ್ನಂ ಅವರ ಎಂಡ್ಕುಡುಕ ರತ್ನನಿಗಾದರೂ ಪುಟ್ನಂಜಿ ಇದ್ದಳು, ಆಕೆ ಇರೋ ಮನೆ ಕುಡುಕನ ಮಾತಿನ ಒಳಗೇ ಇತ್ತು. ಈಗಿನ ಹಾಡುಗಳಲ್ಲಿ ಮನೆಯೇ ಇಲ್ಲ. ಬೀಚಿ ಹುಟ್ಟಿದ್ದು ನಮ್ಮ ಹರಪನಹಳ್ಳಿಯಲ್ಲಿ. ಈ ಹಾಡುಗಳನ್ನು ಕೇಳಿದ್ದರೆ ಅವರ ತಿಂಮ ಮೊದಲು ಕೇಳ್ತಿದ್ದದ್ದು ಬಿಲ್ಲಿನ ವಿಷಯವನ್ನೇ ಅನ್ಸುತ್ತೆ.

ಪಟ್ಟಿಯವರೂ ಹಾಡಿನವರೂ ಮುಟ್ಟದೇ ಬಿಟ್ಟಿರೋದು ಒತ್ತಾಯವನ್ನು. ನಮ್ಮ ಕಡೆ ಊಟಕ್ಕೆ ಕೂತವನು ಸಾಕು ಅಂದರೆ ಸಾಕು ಅಂತ ಅರ್ಥ ಅಲ್ಲ. ಎಲೆ ಮೇಲೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಹೋಳಿಗೆ ಇಳಿಯುತ್ತೆ. ಅದು ಪ್ರೀತಿ, ಅನುಮಾನ ಬೇಡ. ಅದೇ ಪ್ರೀತಿ ಬಾರಿನ ಟೇಬಲ್ಲಿಗೂ ಬಂದು ಕೂತಿದೆ. 'ಲೇ, ನನ್ನ ಮ್ಯಾಲ ಆಣಿ, ಇನ್ನೊಂದ್ ನೈಂಟಿ ಅಷ್ಟ.' ಬ್ಯಾಡಲೇ ಅಂದರೆ, 'ಬೆಂಗಳೂರಿಗೆ ಹೋಗಿ ದೊಡ್ಡ ಮನುಷ್ಯ ಆಗೀಯೇನಲೇ?' ಇದಕ್ಕೆ ಉತ್ತರ ಇಲ್ಲ. ಹೋಳಿಗೆ ಹೆಚ್ಚಾದರೆ ಮಧ್ಯಾಹ್ನ ನಿದ್ದೆ ಬರುತ್ತೆ. ನೈಂಟಿ ಹೆಚ್ಚಾದವನು ಎದ್ದು ಬೈಕ್ ಕಿಕ್ ಹೊಡೀತಾನೆ. ನಮ್ಮ ಗುಂಪಿನಲ್ಲಿ ಒಬ್ಬ ಕುಡಿಯೋದು ಬಿಟ್ಟು ಎರಡು ವರ್ಷ ಆಯ್ತು. ಅವನು ಈಗ ಬಾರಿಗೇ ಬರಲ್ಲ. ಕುಡೀಬೇಕು ಅನ್ನೋ ಆಸೆಗೆ ಅವನು ಹೆದರಿಲ್ಲ, ಹೆದರಿರೋದು ನಮ್ಮ ಪ್ರೀತಿಗೆ.

ಬಿಲ್ಲಿನ ಕಥೆ ಇದಕ್ಕಿಂತ ಕೆಟ್ಟದ್ದು. ಹೋದ ವರ್ಷ ಕಾರಹುಣ್ಣಿಮೆಗೆ ಊರಿಗೆ ಹೋಗಿದ್ದೆ. ನಾಲ್ಕು ಜನ, ಕಬಾಬು, ಎಗ್ ಬುರ್ಜಿ, ಶೇಂಗಾ ಮಸಾಲ, ಮಾತೋ ಮಾತು. ಬಿಲ್ಲು 2,740 ಬಂತು. ನಾನು ಫೋನ್ ತೆಗೆಯೋದ್ರೊಳಗೆ ಒಬ್ಬ ಎದ್ದು ಗಲ್ಲಾದ ಹತ್ತಿರ ಹೋಗಿ ಕೊಟ್ಟುಬಿಟ್ಟ. 'ನಮ್ಮೂರಿಗೆ ಬಂದು ನೀನ ಕೊಡ್ತೀಯೇನಲೇ?' ಅಂದ. ಖುಷಿಯಾಯ್ತು, ಸುಳ್ಳು ಯಾಕೆ ಹೇಳಲಿ. ಮಾರನೇ ಬೆಳಿಗ್ಗೆ ಗೊಬ್ಬರದ ಅಂಗಡಿ ಮುಂದೆ ಅವನು ಉದ್ರಿ ಕೇಳ್ತಾ ನಿಂತಿದ್ದ. ಮೆಕ್ಕೆಜೋಳ ಬಿತ್ತೋ ಹೊತ್ತು. ಡಿಎಪಿ ಚೀಲಕ್ಕೆ 1,350. ನಾವು ನಾಲ್ಕು ಜನ ಒಂದು ಸಂಜೆಗೆ ಅವನ ಎರಡು ಚೀಲ ಕುಡಿದಿದ್ದೆವು.

ಹಂಚಿಕೊಳ್ಳೋ ಆ್ಯಪ್ ಇಲ್ಲಿ ಯಾಕೆ ನಡೆಯಲ್ಲ ಅಂದರೆ, ನಮ್ಮಲ್ಲಿ ಹಂಚೋದು ಅಂದರೆ ಲೆಕ್ಕ, ಲೆಕ್ಕ ಅಂದರೆ ದೂರ. ಒಳಗೆ ಹೋಗುವಾಗಲೇ ಗಲ್ಲಾದಲ್ಲಿ ದುಡ್ಡು ಕೊಟ್ಟಿಡೋದನ್ನು ನಾನೀಗ ಕಲಿತಿದ್ದೇನೆ. ಆದರೂ ಪೂರ್ತಿ ಗೆಲ್ಲಬಾರದು. ಬೆಳಿಗ್ಗೆ ಮಂಡಕ್ಕಿ, ಮಿರ್ಚಿ, ಚಹಾದ ದುಡ್ಡು ಅವನೇ ಕೊಡ್ತಾನೆ, ಅಲ್ಲಿ ನಾನು ಜೇಬಿಗೆ ಕೈ ಹಾಕಲ್ಲ.

ವಾಪಸ್ ಹೋಗೋ ದಾರಿಗೆ ಬರೋಣ. ಕ್ಯಾಬ್ ಹಾಕಿ ಅಂತಾರಲ್ಲ, ಹಡಗಲಿಯಿಂದ ರಾತ್ರಿ 11ಕ್ಕೆ ಹಳ್ಳಿಗೆ ಯಾವ ಕ್ಯಾಬ್ ಬರುತ್ತೆ ಗುರೂ? ಕೊನೇ ಬಸ್ಸು ಯಾವಾಗಲೋ ಹೋಗಿರುತ್ತೆ. ಉಳಿದಿದ್ದು ಬೈಕು, ಅದರ ಮೇಲೆ ಮೂರು ಜನ. ಕೂಡ್ಲಿಗಿ ಕಡೆಯಾದರೆ ರಾಷ್ಟ್ರೀಯ ಹೆದ್ದಾರಿ 50, ಲಾರಿಗಳ ದಾರಿ. ಒಳರಸ್ತೆಯಾದರೆ ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಮೆಕ್ಕೆಜೋಳ ಒಣಹಾಕಿರ್ತಾರೆ, ಅಂಚಿಗೆ ಸಾಲಾಗಿ ಕಲ್ಲು. ಹಗಲಲ್ಲಿ ಕಾಣೋ ಕಲ್ಲು ಕುಡಿದವನ ಹೆಡ್‌ಲೈಟಿಗೆ ಕಾಣಲ್ಲ. ಕಾನೂನು ಇದೆ: ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ನಮ್ಮವರು ಪೊಲೀಸರಿಗೆ ಹೆದರಿ ಒಳರಸ್ತೆ ಹಿಡೀತಾರೆ, ಅಂದರೆ ಕಲ್ಲಿನ ಕಡೆಗೇ ಹೋಗ್ತಾರೆ.

ಇಷ್ಟು ಹೊತ್ತು ಹುಡುಗರ ಮಾತೇ ಆಯ್ತು, ಯಾಕಂದ್ರೆ ಆ ಜಾಗ ಇರೋದೇ ಹಾಗೆ. 'ಫ್ಯಾಮಿಲಿ' ಅಂತ ಬೋರ್ಡು ಇರೋ ಕಡೆಯೂ ಪರದೆ ಸರಿಸಿದರೆ ಒಳಗೆ ಗಂಡಸರೇ. ನಮ್ಮ ಕ್ಲಾಸಿನಲ್ಲಿ ಓದಿ ಈಗ ಬೆಂಗಳೂರಲ್ಲಿ ಟೀಮ್ ಲೀಡ್ ಆಗಿರೋ ಹುಡುಗಿ, ಅಲ್ಲಿ ನಮ್ಮ ಜೊತೆ ಕೂತು ಬಿಯರ್ ಕುಡಿಯೋಳು, ಊರಿಗೆ ಬಂದರೆ ಬಾರಿನ ಎದುರು ನಡೆಯುವಾಗ ರಸ್ತೆಯ ಆ ಬದಿಗೆ ದಾಟ್ತಾಳೆ. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಪ್ಯಾಕೆಟ್ಟಿನ ಜಾಗಕ್ಕೆ 90 ಎಂ.ಎಲ್. ಟೆಟ್ರಾ ಬಂತು, ಕೂಲಿಯವನೂ ನಾವೂ ಒಂದೇ ಗಲ್ಲಾದ ಮುಂದೆ ನಿಂತೆವು. ಅವನ ಹೆಂಡತಿಗೆ ಆದ ವ್ಯತ್ಯಾಸ ಲೇಬಲ್ಲಿನದು ಮಾತ್ರ. 2016ರ ಜೂನ್‌ನಲ್ಲಿ ಕೂಡ್ಲಿಗಿ ಡಿವೈಎಸ್ಪಿ ಅನುಪಮಾ ಶೆಣೈ ರಾಜೀನಾಮೆ ಕೊಟ್ಟಾಗ ನಮ್ಮೂರುಗಳ ಹೆಸರು ರಾಜ್ಯದ ತುಂಬಾ ಕೇಳಿಸ್ತು. ಅಂಬೇಡ್ಕರ್ ಭವನದ ಪಕ್ಕದ ಒಂದು ಬಾರಿನ ಜಗಳ ಅದರ ಹಿಂದೆ ಇತ್ತು. ಆಗ ನಾವು ಬಾರಲ್ಲೇ ಕೂತು ಆ ಸುದ್ದಿ ನೋಡಿದ್ವಿ, ಚರ್ಚೆ ಮಾಡಿದ್ವಿ, ಇನ್ನೊಂದು ರೌಂಡ್ ಹೇಳಿದ್ವಿ. ಬಾರು ಎಲ್ಲಿ ಇರಬೇಕು ಅನ್ನೋದೂ ಶಿಷ್ಟಾಚಾರದ ಪ್ರಶ್ನೆಯೇ ಅಂತ ಆವತ್ತು ಹೊಳೀಲಿಲ್ಲ.

ಈ ಸಲ ದೀಪಾವಳಿಗೆ ಬೆಳಿಗ್ಗೆನೇ ಮಾತಾಡಿಕೊಂಡ್ವಿ. ಕುಡಿಯೋದು ಬಿಟ್ಟವನಿಗೆ ನಾನೇ ಫೋನ್ ಮಾಡಿ, ಯಾರೂ ಆಣೆ ಹಾಕಲ್ಲ, ನೀನು ಸೋಡಾ ಕುಡಿ ಅಂದೆ. ಬಂದ. ಒಬ್ಬ ಮಾತ್ರ ತಡೀಲಾರದೆ ಎರಡು ಸಲ ಕೇಳಿದ, ಮೂರನೇ ಸಲಕ್ಕೆ ನಾವೆಲ್ಲ ಅವನ ಮುಖ ನೋಡಿದ್ವಿ. ಯಾರೂ ಹಳ್ಳಿಗೆ ಹೋಗೋದಿಲ್ಲ, ಪೇಟೆಯಲ್ಲಿ ಮನೆ ಇರೋ ದೋಸ್ತನ ಮಾಳಿಗೆ ಮೇಲೆ ಮಲಗೋದು ಅಂತ ಆಗಿತ್ತು. ನಾಲ್ಕೂ ಬೈಕಿನ ಕೀ ಸಂಜೆನೇ ಅವನ ಅವ್ವನ ಕೈಗೆ ಕೊಟ್ಟೆವು. ಎಲ್ಲಿಗೆ ಅಂತ ಅವ್ವ ಕೇಳಲಿಲ್ಲ. ಕೀಗಳನ್ನು ದೇವರ ಗೂಡಿನಲ್ಲಿ ಇಟ್ಟು, 'ಅನ್ನ ಸಾರು ಮುಚ್ಚಿಟ್ಟಿರ್ತೀನಿ, ಮುಂದಿನ ಬಾಗಿಲ ಬಡೀಬ್ಯಾಡ್ರಿ, ಹಿತ್ತಲಿಂದ ಬರ್ರಿ' ಅಂದಳು.