ಯಾರ ದುಡಿಮೆ? ಯಾರ ಮಿಷನ್ನು?

ಪೀಣ್ಯದ ಕೈಗಾರಿಕಾ ಪ್ರದೇಶದ ಬೆನ್ನಿಗಿರುವ ಒಂದು ವಠಾರ. ಶೀಟಿನ ಮನೆ. ಭಾನುವಾರ ಸಂಜೆ. ಹತ್ತಡಿ ಅಗಲದ ಕೋಣೆಯೊಳಗೆ ಹದಿನೈದು ಜನ ಹೆಂಗಸರು, ಮೂರು ಜನ ಗಂಡಸರು, ತೊಡೆಯ ಮೇಲೆ ನಿದ್ದೆಹೋದ ಮಕ್ಕಳು. ನಮ್ಮ ಕೇರಿಯಿಂದ ಗಾರ್ಮೆಂಟ್ಸಿಗೆ ಬಂದು ಹನ್ನೆರಡು ವರ್ಷ ಸವೆಸಿದ ಅಕ್ಕ ನಮ್ಮನ್ನು ಆ ಪ್ರಾರ್ಥನೆಗೆ ಕರೆದುಕೊಂಡು ಹೋಗಿದ್ದಳು. ಅಂದು ವೈಟ್‌ಫೀಲ್ಡ್ ಕಡೆಯಿಂದ ಬೋಧಕರೊಬ್ಬರು ಬಂದಿದ್ದರು. ಒಳ್ಳೆಯ ಮನುಷ್ಯ, ಮೆಲುಮಾತು. ‘ನೀವು ದಿನಾ ಮಾಡುವ ಕೆಲಸವೇ ನಿಮ್ಮ ಮಿಷನ್ನು, ನೀವು ಕೂರುವ ಜಾಗವೇ ನಿಮ್ಮ ಸೇವಾಕ್ಷೇತ್ರ, ಲೋಕಕ್ಕೆಲ್ಲ ಸುವಾರ್ತೆ ಹೋಗುವುದು ನಿಮ್ಮ ಮೆಷಿನ್ನಿನಿಂದಲೂ’ ಎಂದರು. ಎಲ್ಲರೂ ಆಮೆನ್ ಅಂದರು. ಅಕ್ಕ ಮಾತ್ರ ಕೇಳಿದಳು:

‘ಅಯ್ಯನೋರೆ, ನನ್ ಕೆಲ್ಸ ದೇವ್ರ ಕೆಲ್ಸ ಅಂದ್ರಿ, ಸಂತೋಸ. ಹಂಗಾರೆ ಗಂಟೆಗಿಷ್ಟು ಪೀಸು ಬೇಕು ಅಂತ ತಲೆ ಮೇಲೆ ನಿಂತ್ಕಂಡು ಬಯ್ತಾನಲ್ಲ ಸೂಪರ್‌ವೈಸರು, ಅವ್ನು ಯಾರ ಕೆಲ್ಸ ಮಾಡ್ತಾವ್ನೆ?’

ಬೋಧಕರು ನಕ್ಕರು. ‘ಅವರಿಗಾಗಿಯೂ ಪ್ರಾರ್ಥನೆ ಮಾಡೋಣಮ್ಮ’ ಅಂದರು. ಪ್ರಾರ್ಥನೆ ಆಯಿತು. ಪ್ರಶ್ನೆ ಹಾಗೇ ಉಳಿಯಿತು. ಉಳಿದ ಆ ಪ್ರಶ್ನೆಯನ್ನು ಹಿಡಿದೇ ನಾವು ಈ ಬರಹಕ್ಕೆ ಕೂತಿದ್ದೇವೆ.

ಮೊದಲು, ಆ ಬೋಧಕರ ಮಾತಿಗೆ ನ್ಯಾಯ ಸಲ್ಲಿಸಬೇಕು. ಅದು ಅವರ ಸ್ವಂತ ಮಾತಲ್ಲ. 1974ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಪ್ರಪಂಚದ ಇವಾಂಜೆಲಿಕಲ್ ಕ್ರೈಸ್ತರ ಮಹಾಸಭೆ ಸೇರಿತು. ಅಲ್ಲಿಂದ ಹುಟ್ಟಿದ ಚಳವಳಿ 2004ರಲ್ಲಿ ಥಾಯ್ಲೆಂಡಿನ ಪಟ್ಟಾಯದಲ್ಲಿ ವ್ಯಾಪಾರವೂ ಮಿಷನ್ನೇ ಎಂಬುದರ ಮೇಲೆ ಚರ್ಚೆ ಮಾಡಿತು. 2010ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಒಂದು ಘೋಷಣೆ ಹೊರಟಿತು: ಪವಿತ್ರ ಕೆಲಸ, ಲೌಕಿಕ ಕೆಲಸ ಎಂದು ಒಡೆದು ನೋಡುವುದು ತಪ್ಪು. ಗುಡಿಯೊಳಗೆ ನಿಂತವನ ಕೆಲಸ ಮಾತ್ರ ದೇವರ ಕೆಲಸ, ಹೊಲದಲ್ಲಿ ನಿಂತವನದು ಹೊಟ್ಟೆಪಾಡು ಎಂಬ ಪುರೋಹಿತಶಾಹಿ ಸುಳ್ಳನ್ನು ಇದು ಒಡೆಯುತ್ತದೆ. ಮುಟ್ಟಿದರೆ ಮೈಲಿಗೆ ಎನ್ನಿಸಿಕೊಂಡ ಕೆಲಸಗಳನ್ನೇ ತಲತಲಾಂತರದಿಂದ ಮಾಡಿಕೊಂಡು ಬಂದ ನಮಗೆ ಈ ಮಾತು ಕಹಿಯಲ್ಲ. ಹನ್ನೆರಡನೇ ಶತಮಾನದ ಶರಣರು ಇದನ್ನು ಕಾಯಕ ಎಂದು ಕರೆದು ಬದುಕಿ ತೋರಿಸಿದ್ದರು.

ಆದರೆ ಕೆಲಸ ಪವಿತ್ರ ಅಂದ ಮಾತ್ರಕ್ಕೆ ಕೆಲಸಗಾರ ಬಿಡುಗಡೆಯಾದನೇ? ಈ ಬೋಧನೆಯ ಪುಸ್ತಕಗಳನ್ನು ತಿರುವಿ ಹಾಕಿದಾಗ ನಮಗೆ ಹೆಚ್ಚಾಗಿ ಎದುರಾದವರು ಯಾರು? ಇಂಜಿನಿಯರು, ಮ್ಯಾನೇಜರು, ಉದ್ಯಮಿ, ಡಾಕ್ಟರು. ಆಫೀಸಿನಲ್ಲಿ ಲಂಚ ಮುಟ್ಟದವನು, ಪಕ್ಕದ ಕುರ್ಚಿಯವನಿಗೆ ಸುವಾರ್ತೆ ಹೇಳಿದವನು. ಆ ಆಫೀಸಿನ ಕಕ್ಕಸು ತೊಳೆಯುವ ಹೆಂಗಸು, ಗೇಟಿನಲ್ಲಿ ಹನ್ನೆರಡು ಗಂಟೆ ನಿಲ್ಲುವ ಸೆಕ್ಯುರಿಟಿಯವನು ಅಲ್ಲಿ ಬಂದರೆ ಕನಿಕರದ ವಸ್ತುವಾಗಿ ಬರುತ್ತಾರೆ. ತಮ್ಮದೂ ಒಂದು ಕೆಲಸ, ಅದರ ಬಗ್ಗೆ ತಮಗೂ ಒಂದು ಮಾತಿದೆ ಎನ್ನುವವರಾಗಿ ಬರುವುದಿಲ್ಲ.

ನೆಲವನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ವೈಟ್‌ಫೀಲ್ಡ್ ಹುಟ್ಟಿದ್ದು 1882ರಲ್ಲಿ. ಮೈಸೂರಿನ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ನೆಲ ಕೊಟ್ಟರು, ಸಂಘದ ಡಿ. ಎಸ್. ವೈಟ್ ಅವರ ಹೆಸರೇ ಊರಿನ ಹೆಸರಾಯಿತು. ನೂರು ವರ್ಷ ದಾಟಿದ ಮೇಲೆ ಅದರ ಪಕ್ಕದ ಪಟ್ಟಂದೂರು ಅಗ್ರಹಾರದಲ್ಲಿ ಗಾಜಿನ ಗೋಪುರಗಳೆದ್ದವು. ಎಲೆಕ್ಟ್ರಾನಿಕ್ ಸಿಟಿಯನ್ನು 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ 332 ಎಕರೆಯಲ್ಲಿ ಶುರು ಮಾಡಿದ್ದು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ ನೆಲದಲ್ಲಿ. ಅಗ್ರಹಾರ, ಅಗ್ರಹಾರ! ಗೆಳೆಯರೇ, ಹೆಸರುಗಳು ಸುಮ್ಮನೆ ಉಳಿಯುವುದಿಲ್ಲ. ಒಂದು ಕಾಲದಲ್ಲಿ ಒಳಗೆ ಬರಬೇಡ ಅನ್ನುತ್ತಿದ್ದರು. ಈಗ ಕೊರಳಿಗೆ ಗುರುತಿನ ಕಾರ್ಡು ಹಾಕಿಕೊಂಡು, ಹಿಂದಿನ ಗೇಟಿನಿಂದ ಬಾ ಅನ್ನುತ್ತಾರೆ. ಭಾನುವಾರವೂ ಅಷ್ಟೇ. ಕಂಪ್ಯೂಟರಿನವರಿಗೆ ಏರ್‌ಕಂಡೀಷನ್ ಹಾಲಿನ ಇಂಗ್ಲಿಷ್ ಆರಾಧನೆ. ಹೌಸ್‌ಕೀಪಿಂಗಿನವರಿಗೆ ಶೀಟಿನ ಮನೆಯಲ್ಲಿ ಕನ್ನಡ, ತಮಿಳು, ತೆಲುಗಿನ ಪ್ರಾರ್ಥನೆ. ದೇವರು ಒಬ್ಬನೇ. ಗೇಟು ಎರಡು.

ಇದು ಹೊಸ ಕಥೆಯೇ? ಅಲ್ಲ. ದುಡಿಮೆ, ಸಭೆ, ಲೋಕದ ಮಿಷನ್ನು ಈ ಮೂರನ್ನೂ ಒಂದೇ ದಾರದಲ್ಲಿ ಹೊಲಿದ ಪ್ರಯೋಗ ನಮ್ಮ ಕನ್ನಡ ನಾಡಿನಲ್ಲೇ ನಡೆದಿದೆ. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಅವರ ಹಿಂದೆ ಬಂದ ಅನೇಕರು ಜರ್ಮನಿಯ ವ್ಯೂರ್ಟೆಂಬರ್ಗಿನ ರೈತರ, ಕಸುಬುದಾರರ ಮಕ್ಕಳು. ಇಲ್ಲಿ ದೀಕ್ಷಾಸ್ನಾನ ಪಡೆದವರು ಜಾತಿಯಿಂದ ಹೊರಬಿದ್ದರು. ಒಡೆಯನ ಗೇಣಿ ನೆಲದಿಂದಲೂ ಹೊರಬಿದ್ದರು. ಬಿಲ್ಲವರು ಶೇಂದಿ ಇಳಿಸುವುದು ಪಾಪ ಎಂದು ಮಿಷನ್ನೇ ಹೇಳಿತು. ಹಾಗಾದರೆ ಉಣ್ಣುವುದು ಏನು? ಈ ಪ್ರಶ್ನೆಗೆ ಪ್ರಾರ್ಥನೆ ಸಾಲಲಿಲ್ಲ. ಕಾರ್ಖಾನೆ ಬೇಕಾಯಿತು.

1851ರಲ್ಲಿ ಹಾಲರ್ ಎಂಬಾತ ಬಂದು ಮಂಗಳೂರಿನ ನೇಯ್ಗೆಗೆ ಹೊಸ ಮಗ್ಗ ತಂದ. ಖಾಕಿ ಬಣ್ಣದ ಬಟ್ಟೆಗೆ ಅವನ ಹೆಸರೇ ಅಂಟಿಕೊಂಡಿದೆ. 1865ರಲ್ಲಿ ಪ್ಲೆಬ್ಸ್ಟ್ ಎಂಬಾತ ಜೆಪ್ಪುವಿನಲ್ಲಿ, ನೇತ್ರಾವತಿಯ ಜೇಡಿಮಣ್ಣಿನಿಂದ ಹೆಂಚು ಸುಡಿಸಿದ. ಆ ಹೆಂಚು ಹಡಗು ಹತ್ತಿ ಪರದೇಶಗಳಿಗೂ ಹೋಯಿತು. ಬಯಲುಸೀಮೆಯ ಸರ್ಕಾರಿ ಶಾಲೆಗಳ ಸೂರಿಗೂ ಬಂತು. ನಾವು ಅ ಆ ಇ ಈ ಕಲಿತದ್ದು ಮಂಗಳೂರು ಹೆಂಚಿನ ಕೆಳಗೇ. 1859ರಲ್ಲಿ ಮಿಷನ್ನಿನ ವ್ಯಾಪಾರ ಕಂಪನಿ ಬೇರೆಯಾಗಿ ನಿಂತಿತು. ಅದೇ ಕಂಪನಿ ಇಂದಿನ ಘಾನಾ ದೇಶದಲ್ಲೂ ವ್ಯಾಪಾರ ಮಾಡಿತು. ಮಂಗಳೂರಿನ ಹೆಂಚು, ಆಫ್ರಿಕಾದ ಕೋಕೋ, ಬಾಸೆಲಿನ ಲೆಕ್ಕದ ಪುಸ್ತಕ: ಈಗಿನವರು ಹೊಸದಾಗಿ ಕಂಡುಹಿಡಿದಂತೆ ಆಡುವ ವ್ಯಾಪಾರದ ಮಿಷನ್ನು ಅಂದೇ ನಡೆದಿತ್ತು.

ಇದನ್ನು ಬರೀ ಶೋಷಣೆ ಎಂದು ಒಂದೇ ಏಟಿಗೆ ಹೊಡೆದುಹಾಕುವವರು ನಾವಲ್ಲ. ಒಡೆಯನ ಅಂಗಳದಲ್ಲಿ ಕೈಕಟ್ಟಿ ನಿಂತವನಿಗೆ ಕೂಲಿ ದುಡ್ಡಿನ ರೂಪದಲ್ಲಿ ಕೈಗೆ ಬಂದದ್ದು, ಅಕ್ಷರ ಬಂದದ್ದು, ಮೈಮೇಲೆ ಬಟ್ಟೆ ಬಂದದ್ದು ಸಣ್ಣ ಮಾತಲ್ಲ. ಕೊಡಗಿನಲ್ಲಿ ಹೊಲೆಯರನ್ನು ನೆಲದ ಜೊತೆಗೇ ಲೆಕ್ಕ ಹಾಕುತ್ತಿದ್ದ ಕಾಲವದು. ಬ್ರಾಹ್ಮಣನಾಗಿ ಹುಟ್ಟಿ ಕ್ರೈಸ್ತನಾದ ಆನಂದರಾವ್ ಕೌಂಡಿನ್ಯ ಅಲ್ಲಿ ಹೊಲೆಯ ಕ್ರೈಸ್ತರಿಗಾಗಿ ನೆಲ ಹಿಡಿದು ನೆಲೆ ಮಾಡಿಕೊಟ್ಟರು. ಆನಂದಪುರ ಎಂದು ಆ ಊರಿಗೆ ಹೆಸರು. ಜೀತದಾಳಿಗೆ ಸ್ವಂತ ಒಲೆ ಸಿಕ್ಕಿತು. ಇದನ್ನು ಮರೆತರೆ ನಾವು ಕೃತಘ್ನರು.

ಆದರೆ ಇನ್ನೊಂದು ಮುಖವನ್ನು ಮರೆತರೆ ನಾವು ಮೂಢರು. ಕಾರ್ಖಾನೆಯ ಯಜಮಾನ ಮಿಷನ್ನು, ಮನೆಯ ಮಾಲೀಕ ಮಿಷನ್ನು, ಭಾನುವಾರದ ಬೋಧಕ ಮಿಷನ್ನು. ಹೀಗಿರುವಾಗ ಕೂಲಿ ಸಾಲದು ಅನ್ನುವ ಮಾತು ಬರೀ ಕೂಲಿಯ ಮಾತಾಗಿ ಉಳಿಯುತ್ತದೆಯೇ? ಅದು ನಂಬಿಕೆಯ ಕೊರತೆ ಆಗಿಬಿಡುತ್ತದೆ. ಕುಡಿದರೆ ಸಭೆಯ ಶಿಕ್ಷೆ. ಸಭೆಯ ಶಿಕ್ಷೆಯಾದರೆ ಕೆಲಸಕ್ಕೂ ಸಂಚಕಾರ. 1914ರ ಯುದ್ಧ ಬಂದಾಗ ಜರ್ಮನರನ್ನು ಬ್ರಿಟಿಷರು ಹಿಡಿದು ಕೂಡಿಹಾಕಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಯಜಮಾನ ಬದಲಾದ. ಹೆಂಚು ಒತ್ತುವ ಕೈ ಬದಲಾಗಲಿಲ್ಲ.

ಇಲ್ಲಿ ಕನ್ನಡ ಸಾಹಿತ್ಯ ಚರಿತ್ರೆಗೂ ನಮ್ಮ ಒಂದು ತಕರಾರಿದೆ. 1843ರಲ್ಲಿ ‘ಮಂಗಳೂರ ಸಮಾಚಾರ’ ತಂದ ಮೊಗ್ಲಿಂಗನನ್ನು ಅದು ನೆನೆಯುತ್ತದೆ. 1894ರಲ್ಲಿ ನಿಘಂಟು ಕೊಟ್ಟ ಕಿಟೆಲನಿಗೆ ಬೆಂಗಳೂರಿನಲ್ಲಿ ಪ್ರತಿಮೆಯಿದೆ. ಇರಲಿ, ಬೇಡ ಅನ್ನುವುದಿಲ್ಲ. ಆ ನಿಘಂಟಿನ ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಜೋಡಿಸಿದವರು ಯಾರು? ಮಾತುಗಳನ್ನು ಹೇಳಿಕೊಟ್ಟ ಜನ ಯಾರು? ಪಠ್ಯಪುಸ್ತಕದಲ್ಲಿ ಅವರ ಹೆಸರಿಲ್ಲ. ಮಿಷನ್ನಿನ ಚರಿತ್ರೆ ಬರೆದವರು ಬಂದವರ ಚರಿತ್ರೆ ಬರೆದರು. ನಾಡಿನ ಚರಿತ್ರೆ ಬರೆದವರೂ ಅದನ್ನೇ ನಕಲು ಮಾಡಿದರು. ದುಡಿಮೆಯೇ ಮಿಷನ್ನು ಎಂಬುದು ನಿಜವಾದರೆ ದುಡಿದವರೇ ಮಿಷನರಿಗಳು. ಅವರನ್ನು ಹಾಗೆ ಕರೆದದ್ದು ಯಾವ ಪುಸ್ತಕದಲ್ಲಿದೆ?

ಈಗ ಕಾನೂನಿನ ಮಾತು. 1950ರ ರಾಷ್ಟ್ರಪತಿಗಳ ಆದೇಶ ಹಿಂದೂ ಅಲ್ಲದವನನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಕ್ರೈಸ್ತ, ಮುಸ್ಲಿಂ ದಲಿತರಿಗೆ ತೆರೆಯಲಿಲ್ಲ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಈ ತಾರತಮ್ಯ ತೆಗೆಯಿರಿ ಎಂದಿತು. 2022ರಲ್ಲಿ ಮತ್ತೆ ಬಾಲಕೃಷ್ಣನ್ ಆಯೋಗ ನೇಮಕವಾಯಿತು. ಅಕ್ಕನ ಮಗ ಈಗ ಪಿಯುಸಿ. ‘ಮಗೀಗೆ ಸ್ಕಾಲರ್ಶಿಪ್ಪು ಬರ್ಬೇಕಲ್ಲ ಕಣಪ್ಪ, ಅದ್ಕೇ ನಾ ಇನ್ನೂ ಮುಳುಗಿಲ್ಲ’ ಅನ್ನುತ್ತಾಳೆ. ಮುಳುಗುವುದೆಂದರೆ ದೀಕ್ಷಾಸ್ನಾನ. ಎಂಟು ವರ್ಷದಿಂದ ಪ್ರಾರ್ಥನೆ ಮಾಡುವವಳು ಸರ್ಟಿಫಿಕೇಟಿಗಾಗಿ ನೀರಿನ ದಡದಲ್ಲೇ ನಿಂತಿದ್ದಾಳೆ. ಧರ್ಮ ಬಿಟ್ಟರೆ ಜಾತಿ ಹೋಗುತ್ತದೆ ಎನ್ನುತ್ತದೆ ಕಾಗದ. ಜಾತಿ ಹೋಯಿತೇ ಎಂದು ವಠಾರದ ಮಾಲೀಕನನ್ನು ಕೇಳಿ. ಸಭೆಯೊಳಗಿನ ಮದುವೆ ಮಾತುಕತೆಯನ್ನು ಕೇಳಿ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಎ. ಪಿ. ನಿರ್ಮಲ್ 1981ರಲ್ಲೇ ಶೂದ್ರರ ದೇವಶಾಸ್ತ್ರ ಬೇಕು ಎಂದು ಮಾತೆತ್ತಿದ್ದರು. ಆ ಮಾತು ಮುಂದೆ ದಲಿತ ದೇವಶಾಸ್ತ್ರವಾಗಿ ಬೆಳೆಯಿತು. ಆ ಕಾಲೇಜಿನಿಂದ ಪೀಣ್ಯಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ನಲವತ್ತು ವರ್ಷ ಕಳೆದರೂ ಆ ಮಾತು ಅಕ್ಕನ ಕೋಣೆ ಮುಟ್ಟಿಲ್ಲ.

ಹಾಗಾದರೆ ದುಡಿಮೆಯನ್ನೂ ಸಭೆಯನ್ನೂ ಲೋಕವನ್ನೂ ಜೋಡಿಸುವ ಬೇರೆ ದಾರಿ ಇಲ್ಲವೇ? ಇದೆ. ಫ್ರಾನ್ಸಿನಲ್ಲಿ 1940ರ ದಶಕದಲ್ಲಿ ಪಾದ್ರಿಗಳು ನಿಲುವಂಗಿ ಕಳಚಿ ಕಾರ್ಖಾನೆ ಸೇರಿದರು. ಅವರು ಕಾರ್ಮಿಕ ಸಂಘದ ಜೊತೆ ನಿಂತಾಗ ರೋಮ್ ಬೆದರಿ 1954ರಲ್ಲಿ ತಡೆ ಹಾಕಿತು. ದಕ್ಷಿಣ ಕೊರಿಯಾದ ಇಂಚೋನ್ ನಗರದಲ್ಲಿ ಚೊ ಹ್ವಾ ಸೂನ್ ಎಂಬ ಮೆಥಡಿಸ್ಟ್ ಬೋಧಕಿ 1966ರಲ್ಲಿ ಡಾಂಗಿಲ್ ಬಟ್ಟೆ ಗಿರಣಿಗೆ ಕೂಲಿಯಾಗಿ ಸೇರಿದಳು. ಬೋಧಿಸಲು ಹೋದವಳು ಕಲಿಯಲು ಕೂತಳು. ಅದೇ ಗಿರಣಿಯ ಹೆಣ್ಣುಮಕ್ಕಳು 1972ರಲ್ಲಿ ಸಂಘಕ್ಕೆ ಹೆಣ್ಣೊಬ್ಬಳನ್ನೇ ನಾಯಕಿಯಾಗಿ ಆರಿಸಿದರು. 1978ರಲ್ಲಿ ಸಂಘದ ಚುನಾವಣೆಯ ದಿನ ಅವರ ಮೈಮೇಲೆ ಮಲ ಸುರಿದರು. ಹೌದು, ಮನುಷ್ಯರ ಮಲ. ಅದರ ಅರ್ಥವನ್ನು ನಮ್ಮ ಕೇರಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. 2024ರ ಸೆಪ್ಟೆಂಬರಿನಲ್ಲಿ ಲೊಸಾನ್ ಚಳವಳಿಯ ನಾಲ್ಕನೇ ಮಹಾಸಭೆ ಸೇರಿದ್ದು ಇದೇ ಇಂಚೋನಿನಲ್ಲಿ. ದುಡಿಮೆಯ ಮಿಷನ್ನು ಎಂದರೇನು ಎಂದು ತಿಳಿಯಬೇಕಾದವರು ಆ ಊರಿನ ಗಿರಣಿಯ ಹೆಣ್ಣುಮಕ್ಕಳನ್ನು ಕೇಳಿದರೆ ಸಾಕು.

ನಮ್ಮಲ್ಲೂ ಕೇಳಬಹುದು. 2016ರ ಏಪ್ರಿಲ್ 18 ಮತ್ತು 19. ಮಾಲೀಕರ ಪಾಲಿನ ಪಿ.ಎಫ್. ದುಡ್ಡನ್ನು 58 ವರ್ಷದವರೆಗೆ ಮುಟ್ಟುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಮೆಷಿನ್ನು ಬಿಟ್ಟೆದ್ದು ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಯಾವ ದೊಡ್ಡ ನಾಯಕನೂ ಕರೆದಿರಲಿಲ್ಲ. ಲಾಠಿ ತಿಂದರು. ಎರಡನೇ ದಿನ ದಿಲ್ಲಿ ಆ ನಿಯಮವನ್ನು ವಾಪಸು ತೆಗೆದುಕೊಂಡಿತು. ‘ಅವತ್ತು ನಾವೂ ಇದ್ವಿ ಕಣಪ್ಪ, ಓಡಿ ಓಡಿ ಚಪ್ಲಿ ಕಳ್ಕಂಡೆ’ ಎಂದು ಅಕ್ಕ ನಗುತ್ತಾಳೆ. ಆ ಎರಡು ದಿನ ಅವಳು ಮಾಡಿದ್ದು ಲೌಕಿಕವೋ ಪವಿತ್ರವೋ? ಪವಿತ್ರವಾದರೆ ಅದನ್ನು ಭಾನುವಾರ ಸಾಕ್ಷಿ ಹೇಳಲು ಯಾಕೆ ಅವಳನ್ನು ಎಬ್ಬಿಸಲಿಲ್ಲ?

ಶರಣರ ಕಾಯಕವನ್ನೂ ಇವತ್ತಿನ ಮ್ಯಾನೇಜರುಗಳು ಟಾರ್ಗೆಟ್ಟಿನ ಮಂತ್ರ ಮಾಡಿಕೊಂಡಿದ್ದಾರೆ. ಆದರೆ ಆಯ್ದಕ್ಕಿ ಲಕ್ಕಮ್ಮನ ಕಥೆ ಏನು ಹೇಳುತ್ತದೆ? ಗಂಡ ಮಾರಯ್ಯ ಆ ದಿನಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹಿಂದಕ್ಕೆ ಸುರಿದು ಬಾ ಎಂದಳು ಆ ಬಡವಿ. ಕಾಯಕದ ಜೊತೆಗೆ ದಾಸೋಹವಿತ್ತು, ಕೂಡಿಡುವುದಕ್ಕೆ ತಡೆಯಿತ್ತು. ಬೈಬಲಿನಲ್ಲೂ ದ್ರಾಕ್ಷಿತೋಟದ ಯಜಮಾನ ಕೊನೆಗೆ ಬಂದ ಕೂಲಿಯವನಿಗೂ ಪೂರ್ತಿ ದಿನದ ಕೂಲಿ ಕೊಡುತ್ತಾನೆ. ಹಿಡಿದಿಟ್ಟ ಕೂಲಿ ತಾನೇ ಕೂಗುತ್ತದೆ ಎನ್ನುತ್ತಾನೆ ಯಾಕೋಬ. ಡೇರೆ ಹೊಲಿದು ಬದುಕಿದ ಪೌಲನನ್ನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಉದ್ಯಮಿಗಳ ಗುರು ಮಾಡಿದ್ದಾರೆ. ಅವನು ಹೊಲಿಯುತ್ತಿದ್ದ ಸ್ವಾಮಿ! ಅವನ ಬೆರಳುಗಳು ಅಕ್ಕನ ಬೆರಳುಗಳ ಹಾಗಿದ್ದಿರಬೇಕು.

ಕಡೆಗೆ ನಮ್ಮವರಿಗೂ ಒಂದು ಮಾತು. ಬಂಡಾಯದ ನಾವು ಹೊಲ ಬರೆದೆವು, ಕೇರಿ ಬರೆದೆವು, ಗೌಡನ ಜಗುಲಿ ಬರೆದೆವು. ಪೀಣ್ಯದ ಶೀಟಿನ ಮನೆಯ ಪ್ರಾರ್ಥನೆಯನ್ನು ಎಷ್ಟು ಜನ ಬರೆದಿದ್ದೇವೆ? ಬಾಬಾಸಾಹೇಬರು 1956ರಲ್ಲಿ ತೋರಿದ ದಾರಿ ಬೇರೆ ಎಂದು, ಅಥವಾ ಧರ್ಮವೆಲ್ಲ ಅಫೀಮು ಎಂದು, ಅಕ್ಕನನ್ನು ಹಾಗೇ ಬಿಟ್ಟು ಬಂದೆವು. ಎಂಟು ಗಂಟೆ ಬೈಗುಳ ತಿಂದವಳನ್ನು ಆ ಕೋಣೆಯಲ್ಲಿ ‘ಸಹೋದರಿ’ ಅಂತ ಕರೆಯುತ್ತಾರೆ. ನಮ್ಮ ಸಭೆಗಳಲ್ಲಿ ನಾವು ಅವಳನ್ನು ಏನೆಂದು ಕರೆದೆವು? ವೇದಿಕೆ ಮೇಲೆ ಕರೆದೆವೇ? ಇದು ನಮ್ಮ ಪಾಲಿನ ತಪ್ಪು, ಒಪ್ಪಿಕೊಳ್ಳುತ್ತೇವೆ.

ಊರ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಸಂಘಟನೆಯ ಸಂಗಾತಿಗಳೇ, ನಿಮ್ಮೂರಿನಿಂದ ಬಸ್ಸು ಹತ್ತಿ ಈ ಕಾರ್ಖಾನೆಗಳಿಗೆ ಬಂದವರು ಇದ್ದಾರೆ. ಅವರು ಯಾವ ದೇವರಿಗೆ ಕೈಮುಗಿದರೂ ಸರಿ, ಅವರ ದಿನದ ಲೆಕ್ಕ ಕೇಳಿ ಬರೆದುಕೊಳ್ಳಿ: ಎಷ್ಟು ಪೀಸು, ಎಷ್ಟು ಕೂಲಿ, ಎಷ್ಟು ಬೈಗುಳ, ಎಷ್ಟು ಹಾಡು. ಮಿಷನ್ನಿನ ಚರಿತ್ರೆಯನ್ನೂ ಕನ್ನಡದ ಚರಿತ್ರೆಯನ್ನೂ ಅಲ್ಲಿಂದ ತಿದ್ದಬೇಕು. ಬೋಧಕರೂ ಮತ್ತೆ ಬರಲಿ. ಈ ಸಲ ಅವರು ನೆಲದ ಮೇಲೆ ಕೂರಲಿ, ಅಕ್ಕ ಮಾತಾಡಲಿ. ಅವಳ ಪ್ರಶ್ನೆ ಇನ್ನೂ ಅಲ್ಲೇ ಇದೆ: ಅವ್ನು ಯಾರ ಕೆಲ್ಸ ಮಾಡ್ತಾವ್ನೆ?