ಹೇಳದೆ ಬಿಟ್ಟ ಆರ್ಗ್ಯುಮೆಂಟಿನ ಸೊಗಸು

ರಾಯಚೂರು ಶಹರದೊಳಗೆ ಲ್ಯಾಂಡ್‌ಲೈನಿನಿಂದ ಲ್ಯಾಂಡ್‌ಲೈನಿಗೆ ಫೋನ್ ಹಚ್ಚುವಾಗ 08532 ಒತ್ತುವ ಗೊಡವೆ ಇರಲಿಲ್ಲ. ಮಾನ್ವಿ ಬೇಕಿದ್ದರೆ 08538, ದೇವದುರ್ಗ ಬೇಕಿದ್ದರೆ 08531 ಅಷ್ಟೇ. ನಮ್ಮೂರನ್ನು ಎಕ್ಸ್‌ಚೇಂಜು ತಾನೇ ಅರಿತಿರುತ್ತಿತ್ತು. ಎಸ್‌ಕ್ಯೂಎಲ್ ಫಂಕ್ಷನ್ನಿನ ಡಿಫಾಲ್ಟ್ ಮೌಲ್ಯದಲ್ಲಿ ನನಗೆ ಸಿಗುವುದು ಅದೇ ಸುಖ.

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಈ ಸವಲತ್ತನ್ನು ಕೊಟ್ಟದ್ದು 2009ರ 8.4ನೇ ಆವೃತ್ತಿಯಲ್ಲಿ. ಭತ್ತದ ಆವಕ ಬರೆದಿಟ್ಟು ಒಟ್ಟು ತೂಕ ಹೇಳುವ ಪುಟ್ಟ ಫಂಕ್ಷನ್ ಒಂದನ್ನು ನೋಡಿ:

ಭತ್ತದ_ಆವಕ(ಚೀಲ ಇಂಟಿಜರ್, ಕೆಜಿ ನ್ಯೂಮೆರಿಕ್ ಡಿಫಾಲ್ಟ್ 75, ತಾಲ್ಲೂಕು ಟೆಕ್ಸ್ಟ್ ಡಿಫಾಲ್ಟ್ 'ರಾಯಚೂರು', ದಿನ ಡೇಟ್ ಡಿಫಾಲ್ಟ್ ಕರೆಂಟ್_ಡೇಟ್)

(ಕನ್ನಡದ ಹೆಸರುಗಳನ್ನು ಪೋಸ್ಟ್‌ಗ್ರೆಸ್ ಕೋಟ್ ಕೂಡ ಕೇಳದೆ ಒಪ್ಪಿಕೊಳ್ಳುತ್ತದೆ. ಅದರ ಖುಷಿಯೇ ಬೇರೆ.)

ಆ 75ರ ಮೇಲೆ ಒಂದು ಗಳಿಗೆ ಕಣ್ಣು ನಿಲ್ಲಿಸಿ. ನಮ್ಮ ಕಡೆ ಭತ್ತದ ರೇಟು ಮಾತಾಡುವುದೇ 75 ಕೆ.ಜಿ. ಚೀಲದ ಲೆಕ್ಕದಲ್ಲಿ. ಮಾರುಕಟ್ಟೆಯ ರೂಢಿ ಇಡಿಯಾಗಿ ಆ ಎರಡಂಕಿಯಲ್ಲಿ ಬಂದು ಕೂತಿದೆ. ಭತ್ತದ_ಆವಕ(40) ಎಂದರೆ ಸಾಕು: 3,000 ಕೆ.ಜಿ., ರಾಯಚೂರು ತಾಲ್ಲೂಕು, ಇವತ್ತಿನ ತಾರೀಖು. ಆ ‘ಇವತ್ತು’ ಫಂಕ್ಷನ್ ಬರೆದ ದಿನದ್ದಲ್ಲ. ಕರೆದಾಗಲೆಲ್ಲ ಹೊಸದಾಗಿ ಲೆಕ್ಕಕ್ಕೆ ಬರುವ ತಾಜಾ ಇವತ್ತು.

ಇನ್ನು ಸವಿಯ ತಿರುಳು. ಚೀಲ ಮಾನ್ವಿಯಿಂದ ಬಂತು, ತೂಕ ಮಾತ್ರ ಅದೇ ಎನ್ನಿ. ಭತ್ತದ_ಆವಕ(40, ತಾಲ್ಲೂಕು => 'ಮಾನ್ವಿ') ಎಂದು ಹೆಸರು ಹಿಡಿದು ಕರೆದರೆ, ನಡುವಿನ 75 ತನ್ನ ಪಾಡಿಗೆ ತಾನು, ಅಲುಗದೆ, ನಿಂತಲ್ಲೇ ನಿಂತಿರುತ್ತದೆ. ಆ ಸಣ್ಣ ಬಾಣದ ಗುರುತು 9.5ರಲ್ಲಿ ಬಂತು. ಎಂಥ ನವಿರು ಕುಸುರಿ!

ಒಂದು ಶಿಸ್ತೂ ಇದೆ: ಒಂದು ಪ್ಯಾರಾಮೀಟರಿಗೆ ಡಿಫಾಲ್ಟ್ ಕೊಟ್ಟ ಮೇಲೆ ಅದರ ನಂತರ ಬರುವ ಇನ್‌ಪುಟ್‌ಗಳಿಗೆಲ್ಲ ಕೊಡಲೇಬೇಕು. ಕರೆಯುವಾಗ ಕೊಡಲೇಬೇಕಾದ್ದು ಮುಂದೆ, ಬಿಟ್ಟರೂ ನಡೆಯುವುದು ಹಿಂದೆ. ಇನ್ನು ನಲ್ ಕಳಿಸಿದರೆ ಡಿಫಾಲ್ಟ್ ಮಧ್ಯೆ ಬಾಯಿ ಹಾಕುವುದಿಲ್ಲ, ನಲ್ಲನ್ನೇ ಗೌರವದಿಂದ ಒಳಗೆ ಬಿಡುತ್ತದೆ. ಸುಮ್ಮನಿದ್ದವನಿಗೂ ‘ಗೊತ್ತಿಲ್ಲ’ ಎಂದವನಿಗೂ ಇರುವ ಅಂತರವನ್ನು ಇಷ್ಟು ನಾಜೂಕಾಗಿ ಕಾಯುವುದು ನನಗೆ ಅತಿ ಪ್ರಿಯ.

ಎಸ್‌ಕ್ಯೂಎಲ್ ಸರ್ವರಿನ ಫಂಕ್ಷನ್ನಿಗೆ ಡಿಫಾಲ್ಟ್ ಬೇಕೆಂದರೂ ಕ್ವೆರಿಯೊಳಗೆ ಕರೆಯುವಾಗ ಡಿಫಾಲ್ಟ್ ಎಂಬ ಪದವನ್ನು ಬರೆದೇ ತೋರಿಸಬೇಕು. ಬಿಟ್ಟುಬಿಡುವ ಮಜವೇ ಹೋಯಿತು. ಮೈಎಸ್‌ಕ್ಯೂಎಲ್‌ನ ಸ್ಟೋರ್ಡ್ ಫಂಕ್ಷನ್‌ಗಳಿಗಂತೂ ಈ ರುಚಿಯೇ ಗೊತ್ತಿಲ್ಲ.

ಪೋಸ್ಟ್‌ಗ್ರೆಸ್ಸಿನ ಇನ್ನೊಂದು ಠೀವಿ ಕೇಳಿ. ನಾಳೆ ಚೀಲ 50 ಕೆ.ಜಿ.ಗೆ ಇಳಿದರೆ ಕ್ರಿಯೇಟ್ ಆರ್ ರಿಪ್ಲೇಸ್ ಹೇಳಿ 75ನ್ನು 50 ಮಾಡಬಹುದು, ಅದು ತಕರಾರಿಲ್ಲದೆ ಒಪ್ಪುತ್ತದೆ. ಡಿಫಾಲ್ಟನ್ನೇ ತೆಗೆದುಹಾಕಲು ಹೋದಿರೋ, ಆಗದು ಎನ್ನುತ್ತದೆ. ಅದನ್ನೇ ನಂಬಿ ಭತ್ತದ_ಆವಕ(40) ಎಂದು ಕರೆಯುವವರು ಎಲ್ಲೆಲ್ಲಿದ್ದಾರೋ! ತೆಗೆಯಲೇಬೇಕೆಂದರೆ ಫಂಕ್ಷನ್ನನ್ನೇ ಡ್ರಾಪ್ ಮಾಡಿ ಹೊಸದಾಗಿ ಬರೆಯಬೇಕು.