ಸಿಟ್ಟಿನಲ್ಲಿ ಬರೆದ ಸೆಕ್ಷನ್

2012ರ ಡಿಸೆಂಬರ್‌ನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಬರ್ಬರ ಕೃತ್ಯದ ಅಪರಾಧಿಗಳಲ್ಲಿ ಒಬ್ಬನಿಗೆ ಹದಿನೆಂಟು ತುಂಬಿರಲಿಲ್ಲ. ಅವನಿಗೆ ವಿಧಿಸಿದ್ದು ಮೂರು ವರ್ಷಗಳ ಸುಧಾರಣಾ ವಾಸ. ಇಷ್ಟೇನಾ ಎಂದು ನಾವೂ ಕೇಳಿದ್ದೆವು. ಆದರೆ ಸಿಟ್ಟೇ ಕಾನೂನು ಬರೆಯಲು ಕೂತರೆ?

ವಯೋಮಿತಿ ಇಳಿಸುವುದು ಬೇಡವೆಂದು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 2013ರಲ್ಲೇ ಹೇಳಿತ್ತು. ಆದರೂ ಅವನು ಬಿಡುಗಡೆಯಾದ ಎರಡೇ ದಿನಕ್ಕೆ, 2015ರ ಡಿಸೆಂಬರ್ 22ರಂದು, ರಾಜ್ಯಸಭೆ ಹೊಸ ಬಾಲನ್ಯಾಯ ಮಸೂದೆಯನ್ನು ಅಂಗೀಕರಿಸಿತು. ಘೋರ ಅಪರಾಧದ ಆರೋಪವಿದ್ದರೆ ಹದಿನಾರು ತುಂಬಿದವರನ್ನು ವಯಸ್ಕರಂತೆ ವಿಚಾರಣೆ ಮಾಡಬಹುದು. ಅದಕ್ಕೆ ಮೊದಲು ಬಾಲನ್ಯಾಯ ಮಂಡಳಿ ಮೂರು ತಿಂಗಳೊಳಗೆ ಹುಡುಗನ ಮಾನಸಿಕ ಸಾಮರ್ಥ್ಯವನ್ನೂ ಕೃತ್ಯ ಎಸಗಿದ ಸಂದರ್ಭವನ್ನೂ ಅಳೆಯಬೇಕು.

ನಮ್ಮ ತಕರಾರು ಇಲ್ಲಿದೆ. ಎಸಗಿದ್ದಾನೆಂದು ಸಾಬೀತಾಗುವ ಮೊದಲೇ ಎಸಗಿದ ಸಂದರ್ಭವನ್ನು ಅಳೆಯುವುದು ಹೇಗೆ? ಅದೂ ಯಾರು? ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಮನಶ್ಶಾಸ್ತ್ರಜ್ಞರ ನೆರವು 'ಪಡೆಯಬಹುದು' ಎಂದಷ್ಟೇ ಕಾಯ್ದೆಯಲ್ಲಿದೆ. ಮಂಡಳಿಯಲ್ಲಿ ಆ ವಿದ್ಯೆ ಕಲಿತವರಿಲ್ಲದಿದ್ದರೆ ನೆರವು ಕಡ್ಡಾಯವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ. ಕಾಯ್ದೆ ಜಾರಿಗೆ ಬಂದು ಆರು ವರ್ಷ ಕಳೆದಿತ್ತು!

ಪ್ರಾಯಪೂರ್ತಿಯಾದವನು ಹೊಣೆಗಾರನೆಂದು ಶರೀಅತ್ತೇ ಹೇಳುತ್ತದಲ್ಲ ಎಂದು ನಮ್ಮವರೇ ಕೆಲವರು ವಾದಿಸುತ್ತಾರೆ. ನಿಜ. ಆದರೆ ಅನಾಥರ ಸೊತ್ತನ್ನು ಅವರಿಗೆ ಒಪ್ಪಿಸಲು ಪ್ರಾಯವೊಂದೇ ಸಾಲದು, ಅವರಲ್ಲಿ ವಿವೇಕವೂ ಕಾಣಬೇಕೆಂದು ಕುರ್‌ಆನಿನ ಅನ್ನಿಸಾ ಅಧ್ಯಾಯ ಹೇಳುತ್ತದೆ. ಆ ವಿವೇಕ ಕಾಣದಿದ್ದರೆ ಇಪ್ಪತ್ತೈದರವರೆಗೂ ಕಾಯಬಹುದೆಂದರು ಇಮಾಮ್ ಅಬೂ ಹನೀಫಾ. ನಾಲ್ಕು ಕಾಸು ಒಪ್ಪಿಸಲು ಅಷ್ಟು ಕಾಯುವವರು, ಹುಡುಗನೊಬ್ಬನನ್ನು ವಯಸ್ಕರ ಸಾಲಿಗೆ ಸೇರಿಸಲು ಮೂರು ತಿಂಗಳು ಸಾಕೆಂದು ಒಪ್ಪುವುದು ಹೇಗೆ?